ತಿರುವಿನಲ್ಲಿ ಕಾಯುತ್ತೇನೆ ಅಂದಿದ್ದೆ

ಕಳೆದ ತಿಂಗಳು ಕ್ಯಾಲಿಫೋರ್ನಿಯಾದ ನೆವಾರ್ಕ್‌ನ ಮನೆ ಖಾಲಿ ಮಾಡುವಾಗ ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿದ್ದ ನನ್ನ ಹಳೆಯ ರೈಡಿಂಗ್ ಬೂಟುಗಳನ್ನು ಎತ್ತಿ ಒಂದಕ್ಕೊಂದು ಬಡಿದೆ. ಅಡಿಯ ಗೆರೆಗಳಿಂದ ಬೂದು ಮಣ್ಣು ಬಿಲ್ಲೆಬಿಲ್ಲೆಯಾಗಿ ಉದುರಿತು. ಸಿಮೆಂಟಿನಷ್ಟು ಗಟ್ಟಿ. ತೊಳೆಯೋಣವೆಂದು ನೀರು ಬಿಟ್ಟರೆ ಒದ್ದೆ ಸುಣ್ಣದಂಥ ಒಂದು ವಾಸನೆ ಎದ್ದಿತು. ಹನ್ನೆರಡು ವರ್ಷದ ಮಗಳು ಮೂಗು ಮುಚ್ಚಿಕೊಂಡು, "ವಾಟ್ ಈಸ್ ದಟ್, ಅಮ್ಮಾ?" ಅಂದಳು.

"ಯೂಕಾನ್ ಮಣ್ಣು ಕಣೇ. ನೀನು ಚಿಕ್ಕೋಳಿದ್ದಾಗ ಬೈಕಲ್ಲಿ ಹೋಗಿದ್ನಲ್ಲ."

"ವಿತ್ ಗ್ರೋಸರಿ ಚಾಚಾ?"

ಅವಳಿಗಾಗ ಐದು ವರ್ಷ. ಅವರ ಮುಖ ನೆನಪಿದೆಯೋ, ಕೈಗಿಡುತ್ತಿದ್ದ ಶೇಂಗಾ ಚಿಕ್ಕಿ ಮಾತ್ರ ನೆನಪಿದೆಯೋ... ನಾನು ಕೇಳಲಿಲ್ಲ. ನಲ್ಲಿ ನಿಲ್ಲಿಸಿ ಅಲ್ಲೇ ಒಂದು ಡಬ್ಬದ ಮೇಲೆ ಕುಳಿತುಬಿಟ್ಟೆ.

ಚಾಚಾ ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿ ಗ್ರೋಸರಿ ಅಂಗಡಿ ಇಟ್ಟಿದ್ದರು. ವಿಜಯಪುರದ ಕಡೆಯವರು. ಒಳ್ಳೆಯ ಜೋಳದ ಹಿಟ್ಟು ಸಿಗುತ್ತದೆಂದು ಮಂದಿ ದೂರದಿಂದಲೂ ಬರುತ್ತಿದ್ದರು. ಆದರೆ ಅವರ ಅಂಗಡಿಯಿಂದ ಬೇಗ ಹೊರಬೀಳುವುದು ಸುಲಭವಿರಲಿಲ್ಲ. ಬಂದವರ ಕೆಲಸವೇನು, ಅದನ್ನು ಹೇಗೆ ಮಾಡುತ್ತಾರೆ, ಮಾಡದಿದ್ದರೆ ಏನಾಗುತ್ತದೆ ಎಂಬುದೆಲ್ಲ ಅವರಿಗೆ ತಿಳಿಯಲೇಬೇಕು. ನಾನು ಕಾರಿನ ಬ್ಯಾಟರಿ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆಂದು ಗೊತ್ತಾದ ದಿನವೇ, "ಚಳಿಯಾಗ ಬ್ಯಾಟರಿ ಯಾಕ ಸೊರಗತೈತಿ, ಬೇಟಾ?" ಎಂದು ಕೇಳಿದ್ದರು. ಅದಕ್ಕೆ ಉತ್ತರ ಹೇಳಲು ನನಗೆ ಮೂರು ಶನಿವಾರ ಹಿಡಿಯಿತು. ಮೂರನೆಯ ವಾರ ಅವರು ಹಾಕಿದ ಮರುಪ್ರಶ್ನೆಗೆ ನಾನು ಆಫೀಸಿನಲ್ಲಿ ಹಿರಿಯರನ್ನು ವಿಚಾರಿಸಿ ಬರಬೇಕಾಯಿತು.

ಅಂಗಡಿಯ ಹಿಂದೆ ಅವರದೊಂದು ಹಳೆಯ ಬೈಕು ಇರುತ್ತಿತ್ತು. ನಾನು ಮಂಡ್ಯದಲ್ಲಿ ನಾಲೆ ಏರಿಯ ಮೇಲೆ ಅಪ್ಪನ ಬೈಕು ಓಡಿಸಿ ಕಲಿತವಳು. ಇಲ್ಲಿ ಬಂದ ಮೇಲೂ ಬಿಟ್ಟಿರಲಿಲ್ಲ. ಭಾನುವಾರ ಬೆಳಿಗ್ಗೆ ಬೆಟ್ಟದ ರಸ್ತೆಗಳಲ್ಲಿ ಸುತ್ತುವ ನಮ್ಮದೊಂದು ಕನ್ನಡದವರ ಗುಂಪಿತ್ತು. ಚಾಚಾರನ್ನು ಅದಕ್ಕೆ ಕರೆದುಕೊಂಡು ಹೋದವಳು ನಾನೇ. ಗುಂಪಿನ ಮುಂದಾಳು ಹಾಸನದವರು, ಎಲ್ಲರೂ ಕ್ಯಾಪ್ಟನ್ ಅನ್ನುತ್ತಿದ್ದೆವು. ಕೆಟ್ಟ ಮನುಷ್ಯನಲ್ಲ, ಆದರೆ ಎಷ್ಟು ಗಂಟೆಗೆ ಎಲ್ಲಿರಬೇಕು ಎಂಬುದರ ಮೇಲೆಯೇ ಅವರ ಜೀವ.

ಆ ವರ್ಷ ಜೂನ್‌ನಲ್ಲಿ ಕೆನಡಾದ ಯೂಕಾನ್ ದಾಟಿ, ಜಲ್ಲಿ ರಸ್ತೆಯ ತುದಿಯವರೆಗೆ, ಉತ್ತರದ ಸಮುದ್ರ ಮುಟ್ಟುವವರೆಗೆ ಹೋಗುವುದೆಂದು ತೀರ್ಮಾನವಾಯಿತು. ಏಳು ಜನ, ಏಳು ಬೈಕು. ಎಲ್ಲರಿಗೂ ಸಮುದ್ರ ನೋಡುವ ಆಸೆ. ಅರವತ್ತನಾಲ್ಕು ವರ್ಷದ ಚಾಚಾರಿಗೆ ಮಾತ್ರ ಬೇರೆಯೇ ಕುತೂಹಲ. ಸಮುದ್ರಕ್ಕಿಂತ ಸ್ವಲ್ಪ ಮೊದಲು ಸಿಗುವ ಊರಿನಲ್ಲಿ ಒಂದು ಪುಟ್ಟ ಮಸೀದಿ ಇದೆಯೆಂದು ಅವರು ಎಲ್ಲೋ ಓದಿದ್ದರು. ಬೇಸಿಗೆಯಲ್ಲಿ ಅಲ್ಲಿ ವಾರಗಟ್ಟಲೆ ಸೂರ್ಯ ಮುಳುಗುವುದಿಲ್ಲ.

"ಹೊತ್ತು ಮುಳುಗಿದ ಮ್ಯಾಲ ಮಾಡೂ ನಮಾಜು ಒಂದೈತಿ. ಹೊತ್ತ ಮುಳುಗದ ಊರಾಗ ಅದನ್ನ ಯಾವಾಗ ಮಾಡ್ತಾರ?" ಎಂದು ನನ್ನನ್ನು ಕೇಳಿದರು.

"ಫೋನಲ್ಲಿ ನೋಡಿದ್ರೆ ಗೊತ್ತಾಗುತ್ತಲ್ಲ ಚಾಚಾ."

"ಫೋನಿನ್ಯಾಗ ಎಲ್ಲಾ ಐತಿ. ಓದೂದು ಬ್ಯಾರೆ, ಮಂದಿ ಹೆಂಗ್ ಮಾಡ್ತಾರ ಅಂತ ಕಣ್ಣಾರೆ ನೋಡೂದು ಬ್ಯಾರೆ."

ಹೊರಟ ಹತ್ತನೆಯ ದಿನ ಡಾಂಬರು ಮುಗಿಯಿತು. ಅಲ್ಲಿಂದ ಮುಂದೆ ನೂರಾರು ಮೈಲು ಜಲ್ಲಿ, ಆಕಾಶ ಮತ್ತು ಮೊಣಕೈ ದಪ್ಪದ ಮರಗಳು. ಫೋನಿಗೆ ಸಿಗ್ನಲ್ ಇಲ್ಲ. ಕ್ಯಾಪ್ಟನ್ ಚಾಚಾರನ್ನು ಎಲ್ಲರ ಹಿಂದೆ ಹಾಕಿದರು, ಅವರ ಮುಂದೆ ನನ್ನನ್ನು. ಹಿಂದಿನವರ ಲೈಟು ಕನ್ನಡಿಯಲ್ಲಿ ಕಾಣುತ್ತಿರಬೇಕು, ಕಾಣದಿದ್ದರೆ ನಿಲ್ಲಬೇಕು. ನಿಯಮ ಇದೊಂದೇ. ಚಾಚಾರ ಲೈಟು ಆಗಾಗ ಕಾಣೆಯಾಗುತ್ತಿತ್ತು. ತಿರುಗಿ ಹೋಗಿ ನೋಡಿದರೆ ಬೈಕು ನಿಲ್ಲಿಸಿ ಏನನ್ನೋ ನೋಡುತ್ತಿರುತ್ತಿದ್ದರು. "ಗಿಡ ಎಲ್ಲಾ ಕುಡದವರಂಗ ಯಾಕ ವಾಲ್ಯಾವ ನೋಡ," ಅನ್ನುತ್ತಿದ್ದರು. ನಿಜ, ಮರಗಳೆಲ್ಲ ಒಂದೊಂದು ಕಡೆಗೆ ವಾಲಿದ್ದವು. ನಾನು ಅದೇ ರಸ್ತೆಯಲ್ಲಿ ಎರಡು ಗಂಟೆ ಓಡಿಸಿದ್ದರೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಜಲ್ಲಿ ರಸ್ತೆಯ ಎರಡನೆಯ ದಿನ ಬೆಳಿಗ್ಗೆಯಿಂದ ಮಳೆ. ಆ ರಸ್ತೆಗೆ ಧೂಳೇಳದ ಹಾಗೆ ಏನೋ ಉಪ್ಪು ಹಾಕಿರುತ್ತಾರೆ. ನೆನೆದರೆ ಸೋಪಿನ ಹಾಗೆ ಜಾರುತ್ತದೆ. ದಾರಿಯ ನಡುವಿನ ಒಂದೇ ಒಂದು ಹೋಟೆಲಿನಲ್ಲಿ ಮಧ್ಯಾಹ್ನಕ್ಕೆ ಸೇರಬೇಕೆಂದು ಕ್ಯಾಪ್ಟನ್ ನಾಲ್ವರೊಂದಿಗೆ ಮುಂದೆ ಹೋದರು. "ನೀವಿಬ್ರೂ ಜೊತೆಯಾಗಿ ಬನ್ನಿ, ಆದ್ರೆ ಎರಡು ಗಂಟೆ ಒಳಗೆ ಬನ್ನಿ," ಅಂದಿದ್ದರು. ಅರ್ಧ ದಾರಿಯಲ್ಲಿ ರಸ್ತೆ ಸಮ ಮಾಡುವ ದೊಡ್ಡ ಗಾಡಿಯೊಂದು ನಿಂತಿತ್ತು. ಅದರ ಡ್ರೈವರ್ ಒಬ್ಬ ಹೆಂಗಸು, ಫ್ಲಾಸ್ಕಿನಿಂದ ಕಾಫಿ ಕುಡಿಯುತ್ತಿದ್ದಳು. ಚಾಚಾ ನಿಂತೇಬಿಟ್ಟರು. ಹದಿನೈದು ನಿಮಿಷ ಕಳೆದರೂ ಮಾತು ಮುಗಿಯಲಿಲ್ಲ. ನನ್ನ ಕೈಗವಸಿನೊಳಗೆ ನೀರು ಇಳಿದಿತ್ತು.

"ಇಲ್ಲಿ ಕೇಳಬಾ ಬೇಟಾ! ನೆಲದ ಕೆಳಗ ಎಲ್ಲಾ ಐಸಂತ. ಅದು ಕರಗಬಾರದಂತ ಮ್ಯಾಲ ಇಷ್ಟು ದಪ್ಪ ಜಲ್ಲಿ ಹಾಕ್ಯಾರಂತ. ಐಸಿಗೆ ಕೌದಿ ಹೊಚ್ಯಾರ!"

"ಚಾಚಾ, ಲೇಟಾಗುತ್ತೆ," ಅಂದೆ.

"ಐದೇ ನಿಮಿಷ."

"ಸರಿ, ಮುಂದಿನ ತಿರುವಲ್ಲಿ ಕಾಯ್ತೀನಿ."

ಅವರು ತಲೆಯಾಡಿಸಿದರು. ತಿರುವು ಬಂತು. ನಾನು ಕಾಯಲಿಲ್ಲ. ಚಳಿ, ಸಿಟ್ಟು, ಈ ಮುದುಕರಿಂದಾಗಿ ದಿನವೂ ನನಗೂ ಬೈಗುಳ ಎಂಬ ಬೇಸರ. ಕನ್ನಡಿ ನೋಡದೆ ವೇಗ ಹೆಚ್ಚಿಸಿದೆ. ಹತ್ತು ಮೈಲು ಹೋಗಿರಬಹುದು, ಒಂದು ಇಳಿಜಾರಿನಲ್ಲಿ ಹಿಂದಿನ ಚಕ್ರ ಪಕ್ಕಕ್ಕೆ ಸರಿದದ್ದು ಗೊತ್ತಾಯಿತು, ಬ್ರೇಕು ಒತ್ತಿದೆ, ಆಮೇಲೆ... ಕಣ್ಣು ಬಿಟ್ಟಾಗ ಬೈಕು ನನ್ನ ಎಡಗಾಲಿನ ಮೇಲಿತ್ತು. ಎತ್ತಲು ಆಗಲಿಲ್ಲ. ಕಿರುಚಿದೆ, ಯಾರಿಗೆ ಕೇಳಬೇಕು? ಮಳೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆ ಇಪ್ಪತ್ತು ನಿಮಿಷ ಮಗಳನ್ನು ಡೇಕೇರಿನಿಂದ ಇವತ್ತು ಯಾರು ಕರೆದುಕೊಂಡು ಬರುತ್ತಾರೆ ಎಂಬುದೊಂದನ್ನೇ ಯೋಚಿಸುತ್ತಿದ್ದೆ.

ಚಾಚಾ ಬಂದರು. ಬೈಕಿನ ಕೆಳಗೆ ಭುಜ ಕೊಟ್ಟು ಎತ್ತಿದರು. ನನ್ನನ್ನು ರಸ್ತೆಯ ಅಂಚಿಗೆ ಎಳೆದು ಕೂರಿಸಿ, ತಮ್ಮ ಮಳೆ ಕೋಟು ಬಿಚ್ಚಿ ನನಗೆ ಹೊದಿಸಿ, ಬಂದ ದಾರಿಯಲ್ಲೇ ವಾಪಸು ಹೋಗಿ ಆ ಡ್ರೈವರ್ ಹೆಂಗಸನ್ನು ಕರೆತಂದರು. ಅವಳ ಗಾಡಿಯಲ್ಲಿ ರೇಡಿಯೋ ಇತ್ತು. ಹೋಟೆಲಿಗೆ ಸುದ್ದಿ ಮುಟ್ಟಿತು. ಒಂದು ಗಂಟೆಯಲ್ಲಿ ಕ್ಯಾಪ್ಟನ್ ಹೋಟೆಲಿನವರ ಪಿಕಪ್ ಗಾಡಿಯಲ್ಲಿ ಬಂದಿಳಿದರು. ನನ್ನ ಕಾಲು ನೋಡಿದರು, ಚಾಚಾರ ಕಡೆ ತಿರುಗಿದರು.

"ಎಷ್ಟು ಸಲ ಹೇಳಿದೀನಿ ಚಾಚಾ ನಿಮ್ಗೆ? ಕಂಡಕಂಡಲ್ಲಿ ನಿಂತ್ಕೋತೀರ. ನಿಮ್ಮಿಂದ ಇವಳು ಒಬ್ಬಳೇ ಬರೋ ಹಾಗಾಯ್ತು."

ಚಾಚಾ ಒಮ್ಮೆ ನನ್ನ ಮುಖ ನೋಡಿದರು. "ಹೌದರೀ. ನಾ ನಿಂದರಬಾರದಿತ್ತು," ಅಂದರು.

ನಾನು ಬಾಯಿ ಬಿಡಬೇಕಿತ್ತು. ತಿರುವಿನಲ್ಲಿ ಕಾಯುತ್ತೇನೆಂದು ಹೇಳಿ ಬಿಟ್ಟುಬಂದವಳು ನಾನು ಎನ್ನಲು ಒಂದು ವಾಕ್ಯ ಸಾಕಿತ್ತು. ನೋವಿನ ನೆಪದಲ್ಲಿ ಕಣ್ಣು ಮುಚ್ಚಿಕೊಂಡೆ.

ಹೋಟೆಲಿನಲ್ಲಿದ್ದ ಒಬ್ಬ ನರ್ಸು ಕಾಲು ಒತ್ತಿ ನೋಡಿ, ಮೂಳೆ ಮುರಿದಂತಿಲ್ಲ, ಆದರೆ ಬೈಕು ಓಡಿಸುವ ಮಾತೇ ಇಲ್ಲ ಅಂದಳು. ಮರುದಿನ ಬೆಳಿಗ್ಗೆ ಐವರು ಸಮುದ್ರದ ಕಡೆ ಹೊರಟರು. ನನ್ನ ಜೊತೆ ಚಾಚಾ ಉಳಿದರು. ಉಳಿಯಬೇಕೆಂದು ಕ್ಯಾಪ್ಟನ್ ಹೇಳಿದ್ದರು; ಹೇಳದಿದ್ದರೂ ಅವರು ಉಳಿಯುತ್ತಿದ್ದರೆಂದು ನನಗೆ ಗೊತ್ತು. ಅವರ ಮಸೀದಿಯ ಊರು ಅಲ್ಲಿಂದ ಒಂದು ದಿನದ ದಾರಿ. "ನೀವು ಹೋಗ್ಬನ್ನಿ ಚಾಚಾ, ನಾನು ಇರ್ತೀನಿ," ಅಂದೆ.

"ಒಬ್ಬಾಕಿನ್ನ ಬಿಟ್ಟು ಹೆಂಗ್ ಹೋಗ್ಲಿ?" ಅಂದರು. ಅವರು ಚುಚ್ಚಿ ಆಡಿದ ಮಾತಲ್ಲ. ಅದಕ್ಕೇ ಅದು ಇನ್ನೂ ಚುಚ್ಚುತ್ತದೆ.

ಮೂರು ದಿನ ಆ ಹೋಟೆಲಿನ ಊಟದ ಹಾಲಿನಲ್ಲಿ ಕುಳಿತು ಚಾಚಾ ಬಂದುಹೋಗುವವರನ್ನೆಲ್ಲ ಮಾತನಾಡಿಸಿದರು. ಎರಡನೆಯ ದಿನ ಮಧ್ಯಾಹ್ನ ಆ ಉತ್ತರದ ಊರಿನಲ್ಲೇ ಟ್ಯಾಕ್ಸಿ ಓಡಿಸುವ ಒಬ್ಬ ಸುಡಾನಿನವನು ಸಿಕ್ಕ. ಸಲಾಮು ಮುಗಿಯುವ ಮೊದಲೇ ಚಾಚಾ ತಮ್ಮ ಪ್ರಶ್ನೆ ಕೇಳಿದರು. ಅವನು ನಕ್ಕ. ದಕ್ಷಿಣದ ಒಂದು ದೊಡ್ಡ ಊರಿನ ವೇಳೆ ಹಿಡಿಯುತ್ತೇವೆ, ಅಲ್ಲಿ ಸೂರ್ಯ ಮುಳುಗಿದಾಗ ನಮಗೂ ಮುಳುಗಿದ ಲೆಕ್ಕ ಅಂದ. ಕಿಟಕಿಗೆ ದಪ್ಪ ಪರದೆ ಎಳೆದು ಎಲ್ಲರೂ ಸಾಲಾಗಿ ನಿಲ್ಲುತ್ತಾರಂತೆ, ಹೊರಗೆ ಬಿಸಿಲಿನಲ್ಲಿ ಮಕ್ಕಳು ಚೆಂಡಾಡುತ್ತಿರುತ್ತಾರಂತೆ.

ಚಾಚಾ ಮೇಜು ತಟ್ಟಿ ನಕ್ಕರು. "ಬ್ಯಾರೆ ಊರಿನ ಸಂಜಿ ಕಡಾ ತರ್ತಾರ, ಬೇಟಾ!" ಅಂದರು. ಆಮೇಲೆ ಬಹಳ ಹೊತ್ತು ಕಿಟಕಿಯಾಚೆ ಉತ್ತರಕ್ಕೆ ಹೋಗುವ ರಸ್ತೆಯನ್ನೇ ನೋಡುತ್ತಿದ್ದರು. ಉತ್ತರ ಸಿಕ್ಕಿತ್ತು. ನೋಡುವುದು ಉಳಿದಿತ್ತು.

ಮರುವರ್ಷ ಗುಂಪು ಮತ್ತೆ ಉತ್ತರಕ್ಕೆ ಹೊರಡುವ ಯೋಚನೆ ಮಾಡಿತು. ಮೀಟಿಂಗಿಗೆ ಚಾಚಾರನ್ನು ಕರೆಯಲಿಲ್ಲ. "ಹೋದ್ಸಲ ಆಗಿದ್ದು ಸಾಕು," ಅಂದರು ಕ್ಯಾಪ್ಟನ್. ನಾನು ಆಗಲೂ ಏನೂ ಹೇಳದೆ ಎದ್ದುಬಂದೆ. ಸೀದಾ ಅಂಗಡಿಗೆ ಹೋದೆ. ಗಿರಾಕಿಗಳು ಖಾಲಿಯಾಗುವವರೆಗೆ ಕಾದು, ನಡೆದದ್ದನ್ನೆಲ್ಲ ಹೇಳಿದೆ.

ಚಾಚಾ ಜೋಳದ ಹಿಟ್ಟಿನ ಚೀಲ ಜೋಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ಗೊತ್ತಿತ್ತು," ಅಂದರು. "ತಿರುವಿನ್ಯಾಗ ನೀ ಇರಲಿಲ್ಲ, ಬ್ರೇಕ್ ಹಿಡದ ಗುರ್ತೂ ಭಾಳ ಉದ್ದ ಇತ್ತು. ನಿಧಾನ ಬಂದಾಕಿ ಗಾಡಿ ಅಷ್ಟು ಉದ್ದ ಜಾರೂದಿಲ್ಲ."

"ಮತ್ತೆ ಕ್ಯಾಪ್ಟನ್ ಮುಂದೆ ಯಾಕೆ ಹೇಳ್ಲಿಲ್ಲ ಚಾಚಾ?"

"ಕಾಲು ನೋಯ್ತಿತ್ತಲ್ಲ ನಿನಗ. ಅದರ ಮ್ಯಾಲ ಇನ್ನೊಂದು ಯಾಕ?"

ಕ್ಯಾಪ್ಟನ್‌ಗೆ ಅಂಗಡಿಯ ಮುಂದೆ ನಿಂತೇ ಫೋನ್ ಮಾಡಿದೆ. "ಒಂದ್ ವರ್ಷ ಸುಮ್ನಿದ್ಯಲ್ಲಮ್ಮಾ," ಅಂದರು. ಮರುದಿನ ಅವರು ಫ್ರೀವೇ ಟ್ರಾಫಿಕ್ಕಿನಲ್ಲಿ ತಮ್ಮ ಮನೆಯಿರುವ ಲಾಸ್ ಆಲ್ಟೋಸ್‌ನಿಂದ ಬಂದು ಅಂಗಡಿಯಲ್ಲಿ ಎಲ್ಲರೆದುರು ಚಾಚಾರ ಕೈ ಹಿಡಿದುಕೊಂಡರಂತೆ. ಆ ಬೇಸಿಗೆಗೆ ರಜೆ, ಬುಕಿಂಗು ಎಲ್ಲ ತಡವಾಗಿತ್ತು. ಮುಂದಿನ ಜೂನ್‌ನಲ್ಲಿ ನಾವು ಮೂವರೂ ಹೋಗುವುದೆಂದು ಮಾತಾಯಿತು. ಎಷ್ಟು ಸಲ ಬೇಕಾದರೂ ನಿಲ್ಲುವುದು, ಗಂಟೆ ನೋಡುವುದಿಲ್ಲ. ಹಾಗೆಂದು ಹೇಳಿದ್ದು ಕ್ಯಾಪ್ಟನ್ನೇ!

ಆ ಜೂನ್ ಬರುವ ಮೊದಲೇ, ಫೆಬ್ರವರಿಯಲ್ಲಿ, ಚಾಚಾ ಹೋದರು. ಬೆಳಿಗ್ಗೆ ಅಂಗಡಿ ತೆರೆಯಲು ಹೊರಟವರಿಗೆ ಎದೆನೋವು ಬಂತಂತೆ, ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಣ್ಣಿಗೆ ನಾವೆಲ್ಲ ಹೋಗಿದ್ದೆವು. ಉತ್ತರಕ್ಕೆ ನಾನಾಗಲಿ ಕ್ಯಾಪ್ಟನ್ ಆಗಲಿ ಮತ್ತೆ ಹೋಗಲಿಲ್ಲ.

ಈಗ ಮಗಳ ಸ್ಕೂಲಿಗೆಂದು ಕ್ಯುಪರ್ಟಿನೋಗೆ ಬಂದಿದ್ದೇವೆ. ಇಲ್ಲಿನ ಗ್ರೋಸರಿಯಲ್ಲಿ ಸಾಮಾನು ತೆಗೆದುಕೊಂಡು ಐದು ನಿಮಿಷದಲ್ಲಿ ಹೊರಗೆ ಬರಬಹುದು. ನೀನು ಏನು ಕೆಲಸ ಮಾಡುತ್ತೀ ಎಂದು ಯಾರೂ ಕೇಳುವುದಿಲ್ಲ.

ಅವರಿಂದ ಕ್ಷಮೆ ಸಿಕ್ಕಿತು, ಅದು ನನ್ನ ಪುಣ್ಯ. ಆದರೆ ಒಂದನ್ನು ನಾನು ಕೇಳಲೇ ಇಲ್ಲ. ಆ ಮಳೆಯಲ್ಲಿ ತಿರುವಿಗೆ ಬಂದು, ಅಲ್ಲಿ ನಾನಿಲ್ಲದ್ದನ್ನು ನೋಡಿದಾಗ ಅವರಿಗೆ ಏನನ್ನಿಸಿತು? ಸಿಟ್ಟು ಬಂತೇ, ಹೆದರಿದರೇ, ನನಗೇನಾದರೂ ಆಯಿತೆಂದು ಹಳ್ಳಕೊಳ್ಳ ಇಣುಕುತ್ತ ಬಂದರೇ? ಅಂಗಡಿಯಲ್ಲಿ ನಿಂತು ನನ್ನ ಕಥೆಯನ್ನೆಲ್ಲ ಹೇಳಿಕೊಂಡೆನೇ ಹೊರತು ಅವರ ಕಥೆ ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ನನ್ನ ಜಾಗದಲ್ಲಿ ಅವರಿದ್ದಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದರು.