ಬ್ರಾಂದಿ ಅಂಗಡಿಯ ಸೇವಂತಿಗೆ ಹಾರ

ಬೆಳಿಗ್ಗೆ ಒಂಬತ್ತಕ್ಕೆ, ತೀರಿಕೊಂಡ ಹೆಂಡತಿಯ ಫೋಟೊಗೆ ಹಾರ ತರಲು ರಾಬರ್ಟ್‌ಸನ್‌ಪೇಟೆಗೆ ಹೋದೆ ಗೆಳೆಯರೇ. ಪೊಲೀಸಿನವರು ತಡೆದರು. "ಲಾಕ್‌ಡೌನಲ್ಲಿ ಹೂವು ಅಗತ್ಯ ವಸ್ತು ಅಲ್ಲ ಯಜಮಾನ್ರೇ, ಮನೆಗೆ ಓಗಿ."

ತಿರುಗಿದರೆ, ಅಗತ್ಯ ವಸ್ತುವಿನ ಅಂಗಡಿ ನಲವತ್ತು ದಿನ ಮುಚ್ಚಿದ್ದು ಇವತ್ತೇ ಬಾಗಿಲು ತೆರೆಯುತ್ತಿತ್ತು. ಬ್ರಾಂದಿ ಅಂಗಡಿ. ಷಟರ್‌ಗೆ ದಪ್ಪ ಸೇವಂತಿಗೆ ಹಾರ. ಸಾಲಿನಲ್ಲಿದ್ದವರು ಕರ್ಪೂರ ಹಚ್ಚಿ, ಕಾಯಿ ಒಡೆದು ಕೈಮುಗಿಯುತ್ತಿದ್ದರು.

"ಹೂವು ಎಲ್ಲಿ ಸಿಕ್ತಪ್ಪಾ?" ಎಂದು ಕೇಳಿದೆ.

"ತೋಟಕ್ಕೇ ಓಗಿ ತಂದ್ವಿ ಕಣಣ್ಣ. ಯಾಕೆ?"

ಯಾಕೆಂದು ಹೇಳಿದೆ. ಸಾಲಿನವರಲ್ಲಿ ಒಬ್ಬ ಹಾರ ಬಿಚ್ಚಿ ನನ್ನ ಕೈಗಿಟ್ಟ. "ಅತ್ತಿಗೆಗೆ ಹಾಕಣ್ಣ. ಈ ದೇವರು ಬೇಜಾರು ಮಾಡ್ಕಳಲ್ಲ."

ಬದುಕಿದ್ದಾಗ ಆ ಅಂಗಡಿ ಬಂದರೆ ಅವಳು ಮೂಗಿಗೆ ಸೆರಗು ಹಿಡಿದು ದಾಟುತ್ತಿದ್ದಳು. ನಾಳೆ ಅವಳ ತಿಂಗಳ ತಿಥಿ. ಹಾಕಲು ಇರುವುದು ಇದೊಂದೇ ಹಾರ.