ದಾರಿ ತೆರೆದಿತ್ತು, ಖಾದರ

ದಾರಿ ಮುಚ್ಚಿರಲಿಲ್ಲ, ಖಾದರ. ಮುಚ್ಚಿದೆ ಎಂದು ಹೇಳಿದವನು ನಾನು. ವಿಜಯವಾಡದ ಸ್ಟೇಷನ್ನಿನಲ್ಲಿ ಆ ಹಿರಿಯರು ತೆಲುಗಿನಲ್ಲಿ ಹೇಳಿದ್ದೇ ಬೇರೆ, ನಾನು ನಿನಗೆ ಕನ್ನಡದಲ್ಲಿ ಹೇಳಿದ್ದೇ ಬೇರೆ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಇಷ್ಟು ವರ್ಷ ನಿನ್ನ ಶೆಡ್ಡಿನಲ್ಲಿ ಕೂತು ಚಹಾ ಕುಡಿದಿದ್ದೇನೆ.

ಬರೆಯಲು ಕೂತರೆ ಮೊದಲು ನಗುವೇ ಬರುತ್ತದೆ, ಏನು ಮಾಡಲಿ. ಕಾಲೇಜು ಮುಗಿದ ಬೇಸಿಗೆ. ಚಳ್ಳಕೆರೆಯಲ್ಲಿ ನಿಮ್ಮಪ್ಪನ ಲಾರಿ ರಿಪೇರಿ ಶೆಡ್ಡಿನ ಹಳೇ ಟಾರ್ಪಾಲು ಕತ್ತರಿಸಿ ನೀನೇ ಹೊಲಿದ ಎರಡು ಬೆನ್ನುಚೀಲ. ಬಿಸಿಲೇರಿದರೆ ಗ್ರೀಸಿನ ವಾಸನೆ ಹೊಡೆಯುತ್ತಿತ್ತು; ರೈಲಿನಲ್ಲಿ ಪಕ್ಕದವರು ಸರಿದು ಕೂರುತ್ತಿದ್ದರು, ನಮಗೆ ಆರಾಮಾಗಿ ಜಾಗ ಸಿಗುತ್ತಿತ್ತು. ಇಡೀ ಭಾರತ ನೋಡಿಕೊಂಡು ಬರುವುದು ಎಂದು ಹೊರಟಿದ್ದೆವು. ಆಂಧ್ರ ದಾಟುವ ತನಕ ಮಾತು ನನ್ನದು — ಮೊಳಕಾಲ್ಮೂರಿನ ಮಗ್ಗದ ಮನೆಯವನು, ತೆಲುಗು ನನಗೆ ಸಲೀಸು. ಅಲ್ಲಿಂದ ಮುಂದೆ ನಿನ್ನ ಉರ್ದು. ಕೊನೆಗೆ ಹಿಮಾಲಯ. ಹಿಮಾಲಯ ನಿನ್ನ ಹಠ. ನಿಮ್ಮ ಅಮ್ಮಿಗೆ ಹಿಮ ತುಂಬಿಕೊಂಡು ಬರಲು ನೀನು ಫ್ಲಾಸ್ಕ್ ಬೇರೆ ಕಟ್ಟಿಕೊಂಡಿದ್ದೆ.

"ಕರಗಿ ನೀರಾಗ್ತೈತಲ್ಲೋ" ಎಂದು ನಾನು ನಕ್ಕರೆ, "ಆಗ್ಲಿ ಬಿಡಲೇ, ನೀರಾದ್ರೂ ಹಿಮಾಲಯದ್ದೇ ಅಲ್ವಾ" ಎಂದು ನೀನೂ ನಕ್ಕಿದ್ದೆ.

ಆಂಧ್ರದಲ್ಲಿ ನಾನು ರಾಜ. ಹೋಟೆಲಿನಲ್ಲಿ ಜೋರು ಮಾಡುವವನು ನಾನು, ಬಸ್ಸು ವಿಚಾರಿಸುವವನು ನಾನು. ನೀನು ಕಲಿತದ್ದು ಊಟದ ತೆಲುಗು ಮಾತ್ರ — ಪಪ್ಪು, ಪೆರುಗು, ಚಾರು. ವಿಶಾಖಪಟ್ಟಣದಲ್ಲಿ ಸಮುದ್ರ ನಿನ್ನ ಒಂದು ಚಪ್ಪಲಿ ಎಳೆದುಕೊಂಡು ಹೋದಾಗ ಇನ್ನೊಂದನ್ನು ನೀನೇ ಅದರ ಹಿಂದೆ ಎಸೆದೆ, ಜೋಡಿ ಮುರೀಬಾರ್ದು ಅಂತ. ಅಷ್ಟು ನಕ್ಕ ದಿನಗಳು ನನ್ನ ಬದುಕಿನಲ್ಲಿ ಮತ್ತೆ ಬರಲಿಲ್ಲ.

ಆದರೆ ವಿಜಯವಾಡದಲ್ಲಿ ಉತ್ತರದ ರೈಲು ಹತ್ತುವ ದಿನ ಬಂದಾಗ ನನ್ನೊಳಗೆ ಏನೋ — ಹೇಗೆ ಹೇಳಲಿ. ನನಗೆ ಹಿಂದಿ ಬಾರದು. ಇನ್ನು ಮೇಲೆ ಮಾತಾಡುವವನು ನೀನು, ಹಿಂದೆ ಚೀಲ ಹೊತ್ತ ಮೂಗ ನಾನು. ಅಷ್ಟೇ ಕಣೋ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ಆಗಲೇ ಪ್ಲಾಟ್‌ಫಾರ್ಮಿನಲ್ಲಿ ಆ ಹಿರಿಯರು ಸಿಕ್ಕಿದ್ದು. ಬದರಿಯಿಂದ ಮರಳಿದವರು, ಆ ಸೆಕೆಯಲ್ಲೂ ತಲೆಗೆ ಉಣ್ಣೆ ಟೋಪಿ. ದಾರಿ ಹೇಗಿದೆ ಎಂದು ನಾನು ಕೇಳಿದ್ದಕ್ಕೆ ನಗುತ್ತ ಹೇಳಿದರು: "ಮಂಚು ಕರಿಗಿಂದಿ. ದಾರಿ ತೆರಿಚಾರು. ವೆಳ್ಳಂಡಿ ನಾಯನಾ."

ನೀನು ನನ್ನ ತೋಳು ಹಿಡಿದೆ. "ಏನಂತಲೇ? ಚಾರು ಅಂದ್ರಲ್ಲ, ಅಲ್ಲಿ ಅನ್ನ ಸಾರು ಸಿಗ್ತೈತಂತಾ?"

ಹಿಮ ಕರಗಿದೆ, ದಾರಿ ತೆರೆದಿದ್ದಾರೆ, ಹೋಗಿ ಬನ್ನಿ — ಅವರು ಹೇಳಿದ್ದು ಇಷ್ಟು.

"ಸಾರೂ ಸಿಗಲ್ಲಂತೆ" ಎಂದೆ ನಾನು. "ಹಿಮ ಬಿದ್ದು ದಾರಿ ಮುಚ್ಚೈತಂತೆ."

ನೀನು ಬೇರೆ ಯಾರನ್ನೂ ಕೇಳಲಿಲ್ಲ. ಆ ಹಿರಿಯರಿಗೆ ಸಲಾಂ ಮಾಡಿ, "ಪಾಪ, ಹೋಗದಂಗೆ ತಡೆದ್ರಲ್ಲ, ಪುಣ್ಯಾತ್ಮ" ಎಂದು ಚೀಲ ಎತ್ತಿಕೊಂಡೆ. ಗುಂತಕಲ್ಲಿನಲ್ಲಿ ಫ್ಲಾಸ್ಕಿಗೆ ಚಹಾ ತುಂಬಿಸಿದೆವು. ಚಳ್ಳಕೆರೆಗೆ ಬಂದು ಅಮ್ಮಿಗೆ ಬಗ್ಗಿಸಿಕೊಟ್ಟರೆ ಅವರು ಒಂದು ಗುಟುಕು ಕುಡಿದು, ನನ್ನ ಕಡೆ ನೋಡಿ, "ಹಿಮಾಲಯ ಬಿಸಿ ಐತಲ್ಲಪ್ಪಾ" ಎಂದರು. ಮನೆಯೆಲ್ಲ ನಕ್ಕಿತು. ನಾನೂ ನಕ್ಕೆ. ಆಮೇಲೆ ಶೆಡ್ಡು ನಿನ್ನ ತಲೆಗೆ ಬಂತು, ಮದುವೆಯಾಯಿತು, ಅಮ್ಮಿಯೂ ಹೋದರು. ನೀನು ಮತ್ತೆ ಹೊರಡಲೇ ಇಲ್ಲ.

ಇನ್ನೊಂದಿದೆ. ಕೆಲವು ವರ್ಷಗಳ ನಂತರ ನಾನು ಹೆಂಡತಿಯ ಜೊತೆ ಟೂರು ಬಸ್ಸಿನಲ್ಲಿ ಬದರಿಗೆ ಹೋದೆ. ಹಿಮ ಮುಟ್ಟಿದೆ, ಖಾದರ. ಖುಷಿಯಾಯಿತು, ಸುಳ್ಳು ಹೇಳಲಾರೆ. ಪಕ್ಕಕ್ಕೆ ತಿರುಗಿ "ಲೇ" ಅನ್ನಲು ಹೋದೆ — ನೀನಿರಲಿಲ್ಲ. ನಿನಗೆ ಮಾತ್ರ ತಿರುಪತಿಗೆ ಹೋಗುತ್ತೇನೆ ಎಂದಿದ್ದೆ. ಬರುವಾಗ ಹಿರಿಯೂರಿನಲ್ಲಿ ಬಸ್ಸಿಳಿದು ಕಟಿಂಗ್ ಶಾಪಿನಲ್ಲಿ ತಲೆ ಬೋಳಿಸಿಕೊಂಡೆ. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು: "ತಿಮ್ಮಪ್ಪಗೆ ಕೊಡದ ಕೂದಲ ಖಾದರಣ್ಣನ ಭಯಕ್ಕೆ ಕೊಟ್ರಲ್ಲ."

ಮಾರನೆಯ ದಿನ ನೀನು ಗ್ರೀಸಿನ ಕೈಯಲ್ಲೇ ನನ್ನ ಬೋಳುತಲೆ ಸವರಿ, "ನನ್ನ ಹೆಸರಲ್ಲೂ ಒಂದ್ಸಲ ಕೈ ಮುಗ್ದೇನಲೇ?" ಎಂದೆ.

"ಮುಗ್ದೆ" ಎಂದು ಹೇಳಿಬಿಟ್ಟೆ. ವಿಜಯವಾಡದ ಸುಳ್ಳಿಗಿಂತ ಆ ಒಂದು ಮಾತು ನನಗೆ ಹೆಚ್ಚು ನಾಚಿಕೆ ತರುತ್ತದೆ.

ನಾಳೆ ಬೆಳಿಗ್ಗೆ ಇದನ್ನು ನಿನ್ನ ಮುಂದೆ ಕೂತು ನಾನೇ ಓದುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಹಿಮಾಲಯಕ್ಕೆ ಹೋಗೋಣವೇ ಎಂದು ನಿನ್ನನ್ನು ಕೇಳುವ ಹಕ್ಕು ನನಗಿಲ್ಲ. ಆದರೆ ನೀನಾಗಿ ಶೆಡ್ಡಿನ ಗೂಟಕ್ಕೆ ಇಂದಿಗೂ ನೇತುಹಾಕಿರುವ ಆ ಫ್ಲಾಸ್ಕ್ ತೆಗೆದರೆ — ತೆಗೆದರೆ, ಮನೆ ಬಿಟ್ಟಲ್ಲಿಂದ ಮನೆ ಸೇರುವ ತನಕ ದಾರಿಯುದ್ದಕ್ಕೂ ಮಾತು ನಿನ್ನದೇ. ನಾನು ಚೀಲ ಹೊತ್ತುಕೊಂಡು, ಬಾಯಿ ಮುಚ್ಚಿಕೊಂಡು ನಿನ್ನ ಹಿಂದೆ ಬರುತ್ತೇನೆ.