ಉಗ್ರಾಣದ ಆರು ಖಾಲಿ ಡಬ್ಬಿಗಳು

ವಾಚಕ ಮಹಾಶಯರೇ, ಆಸ್ಪತ್ರೆಯ ಹಾಸಿಗೆಯಲ್ಲಿ ತಮ್ಮ ಕೈಸೇರಿದ ಚಮಚವೂ ಹಾಲೂ ಯಾವ ಬಾಗಿಲಿನಿಂದ ಹೊರಟವೆಂದು ತಾವು ವಿಚಾರಿಸಿರಲಿಕ್ಕಿಲ್ಲ. ಆ ಬಾಗಿಲು ಬೆಳಗಿನ ಐದಕ್ಕೆ ತೆರೆಯುತ್ತದೆ. ಒಳಗೆ ಎಲ್ಲರೂ ಕರೆಯುವ ‘ಉಗ್ರಾಣದಕ್ಕ’ ಟೊಂಕ ಕಟ್ಟಿ ನಿಂತಿದ್ದಾರೆ. ಎಡ ಹಲಗೆಯಲ್ಲಿ ಎಣಿಸಿ ಕೊಡುವ ಚಮಚ, ಬಟ್ಟಲು, ದಿಂಬು. ಬಲ ಹಲಗೆಯಲ್ಲಿ ಅಳೆದು ಕೊಡುವ ಹಾಲು, ಉಪ್ಪು, ಹತ್ತಿ. ಎಲ್ಲಕ್ಕೂ ಇಂಗ್ಲಿಷ್ ಹೆಸರಿನ ಚೀಟಿ. ಬಲತುದಿಯಲ್ಲಿ ಆರು ಖಾಲಿ ಡಬ್ಬಿಗಳು.

ಹನ್ನೊಂದು ವಾರ್ಡು, ಮುನ್ನೂರ ನಲವತ್ತು ಹಾಸಿಗೆ. ಹತ್ತೊಂಬತ್ತು ವರ್ಷ ಇವರೇ ನಡೆಸಿದ ಉಗ್ರಾಣದ ಬೀಗದ ಕೈ ಮಾತ್ರ ಬೇರೆಯವರ ಹೆಸರಿನಲ್ಲಿತ್ತು. ಬೀಗದ ಕೈ ಹಿಡಿಯುವ ಹುದ್ದೆಗೆ ಇಂಗ್ಲಿಷ್ ಪರೀಕ್ಷೆ ಗೆಲ್ಲಬೇಕು. ಯಾವ ನಾಮಪದ ಎಣಿಕೆಗೆ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂಬಲ್ಲೇ ಎರಡು ಸಲ ನಪಾಸು. ವಯಸ್ಸಿನ ಮಿತಿಯೊಳಗೆ ಉಳಿದದ್ದು ಒಂದೇ ಅವಕಾಶ.

“ಕುರ್ಚಿ ಎಣಿಸ್ಬೇಕಂತೆ, ಫರ್ನಿಚರ್ ಎಣಿಸ್ಬಾರ್ದಂತೆ! ತಲೆ ಕೆಟ್ಟು ಗೊಬ್ಬರ ಆಗಿತ್ತು,” ಎಂದು ನಗುತ್ತಾರೆ. “ಆಮೇಲೆ ಹೊಳೀತು, ಇಷ್ಟು ವರ್ಷ ನಾನು ಮಾಡಿದ್ದೂ ಇದೇ ತಾನೇ?”

ಎಣಿಸಿ ಕೊಡುವುದೆಲ್ಲ ಎಡಕ್ಕೆ, ಅಳೆದು ಕೊಡುವುದೆಲ್ಲ ಬಲಕ್ಕೆ ಸೇರಿತು; ಉಗ್ರಾಣದಲ್ಲಿಲ್ಲದ ಹಟಮಾರಿ ಪದಗಳಿಗೆ ಚೀಟಿ ಹಚ್ಚಿದ ಖಾಲಿ ಡಬ್ಬಿಗಳನ್ನಿಟ್ಟರು. ವಾರ್ಡಿನ ಆಯಾ ಆಗಿರುವ ನಾದಿನಿ ಅಣಕಿಸಿದಳು: “ಇದ್ರಲ್ಲಿ ಏನೂ ಇಲ್ವಲ್ಲ ಅತ್ತಿಗೆ?”

“ಅಡ್ವೈಸು. ನಿನ್ನ ಹತ್ರ ಬೇಕಾದಷ್ಟಿದೆಯಲ್ಲ, ತಂದು ತುಂಬು!”

“ಸಕ್ಕರೆ ಕಾಳೂ ಎಣಿಸ್ಬೋದಲ್ಲ?”

“ನೀನು ಎಣಿಸ್ತಾ ಕೂತ್ಕೋ. ವಾರ್ಡಿನೋರೆಲ್ಲ ಟೀ ಇಲ್ದೆ ಬಾಯಿ ಬಿಟ್ಕೊಂಡಿರ್ಲಿ!”

ಪರೀಕ್ಷೆಯಲ್ಲಿ ಇಪ್ಪತ್ತು ಪದಗಳು ಬಂದವು. “ಕಣ್ಮುಚ್ಚಿ ಉಗ್ರಾಣದಲ್ಲಿ ಒಂದು ಸುತ್ತು ಹಾಕ್ದೆ. ಎಡಕ್ಕಿದ್ದಿದ್ದು ಎಡಕ್ಕೆ ಬರ್ದೆ, ಬಲಕ್ಕಿದ್ದಿದ್ದು ಬಲಕ್ಕೆ.” ಇಪ್ಪತ್ತಕ್ಕೆ ಇಪ್ಪತ್ತೂ ಸರಿ! ಕಳೆದ ವಾರ ಬೀಗದ ಕೈ ಅವರದಾಯಿತು. ಮಾತನಾಡುವಾಗಲೂ ಮುಷ್ಟಿ ಬಿಚ್ಚುವುದಿಲ್ಲ.

ಮುಂದಿನ ವರ್ಷ ನಾದಿನಿಯೂ ಸೇರಿ ಏಳು ಆಯಾಗಳು ಪರೀಕ್ಷೆ ಬರೆಯುತ್ತಾರೆ. ಅದಕ್ಕೇ ಇಲ್ಲಿ ಈಗ ಹೊಸ ಕಾನೂನು: ಎಡವೋ ಬಲವೋ ಹೇಳದೆ ಸಾಮಾನು ಸಿಗದು. “ಇವರೂ ಪಾಸಾಗ್ಲಿ. ಆಮೇಲೆ ಆ ಡಬ್ಬಿ ತೊಳೆದು ಬೇಳೆ ತುಂಬ್ತೀನಿ. ನನಗೆ ಅಷ್ಟೇ ಸಾಕು.”

ನನ್ನ ಟಿಪ್ಪಣಿ ಪುಸ್ತಕ ಚೀಲ ಸೇರುತ್ತದೆ; ಮುಂದಿನ ಊರಿನ ಬಸ್ಸು ಯಾರಿಗೂ ಕಾಯುವುದಿಲ್ಲ. ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೇಳಿಸುತ್ತದೆ:

“ಸ್ಪೂನ್?”

“ಎಡ!”

“ಸೋಪ್?”

 ನಾದಿನಿಯ ದನಿ ಮೊಗಸಾಲೆಯುದ್ದಕ್ಕೂ ಮೊಳಗುತ್ತದೆ:

“ಬಲ ಅತ್ತಿಗೇ, ಬಲ! ಈಗ ಕೊಡಿ!”